ಮಾತು ಬಂದದ್ದಕ್ಕೇ ಬಸ್ಟರ್ ಕೀಟನ್ ಮೂಲೆ ಸೇರಿದರಾ?

ಇಲ್ಲ. ನೀವು ಕೇಳಿದ ಹಾಗೇ ನಾನೂ ಬಹಳ ದಿನ ಅಂದುಕೊಂಡಿದ್ದೆ, ಮಾತಿನ ಸಿನಿಮಾ ಬಂತು, ಮೂಕಿ ಕಾಲದ ಹಾಸ್ಯನಟ, ನಿರ್ದೇಶಕ ಕೀಟನ್‌ಗೆ ಕೆಲಸ ಹೋಯಿತು ಅಂತ. ಆದರೆ ಅವರ ಧ್ವನಿ ಚೆನ್ನಾಗಿಯೇ ಇತ್ತು. ಹಾಲಿವುಡ್‌ನ ದೊಡ್ಡ ಸ್ಟುಡಿಯೋ ಎಂಜಿಎಂನಲ್ಲಿ ಅವರು ಮಾಡಿದ ಮಾತಿನ ಚಿತ್ರಗಳು ದುಡ್ಡೂ ಮಾಡಿದವು. ಅವರ ಕೈತಪ್ಪಿದ್ದು ಕೆಲಸದ ಮೇಲಿನ ಹಿಡಿತ.

ಹುಟ್ಟಿದ್ದು 1895ರಲ್ಲಿ, ಅಮೆರಿಕದ ಕಾನ್ಸಾಸ್‌ನಲ್ಲಿ. ಅಪ್ಪ ಅಮ್ಮ ಊರೂರು ತಿರುಗಿ ಸ್ಟೇಜ್ ಶೋ ಕೊಡುತ್ತಿದ್ದರು. ಆಟದ ಭಾಗವಾಗಿ ಅಪ್ಪ ಈ ಮಗುವನ್ನು ಎತ್ತಿ ಎತ್ತಿ ಎಸೆಯುತ್ತಿದ್ದರು, ಹಿಡಿಯೋಕೆ ಸುಲಭ ಆಗಲಿ ಅಂತ ಅಂಗಿಯ ಬೆನ್ನಿಗೆ ಸೂಟ್‌ಕೇಸ್ ಹಿಡಿ ಹೊಲಿದಿದ್ದರಂತೆ! ಬಿದ್ದೆದ್ದು ತಾನೇ ನಕ್ಕರೆ ಜನ ನಗಲ್ಲ, ಮುಖ ಬಿಗಿಹಿಡಿದು ನಿಂತರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕೀಟನ್ ಪರದೆ ಮೇಲೆ ನಗದೇ ಇರೋದಕ್ಕೆ ಕಾರಣ ಇದೇ.

1917ರಲ್ಲಿ ನ್ಯೂಯಾರ್ಕ್‌ನಲ್ಲಿ ಆಗಿನ ಹೆಸರಾಂತ ಹಾಸ್ಯನಟ ರಾಸ್ಕೋ ಆರ್ಬಕಲ್ ಜೊತೆ ಸಿನಿಮಾಕ್ಕೆ ಬಂದರು. ಬಂದ ಹೊಸದರಲ್ಲೇ ಕ್ಯಾಮೆರಾ ಬಿಚ್ಚಿ ನೋಡಿದ ಮನುಷ್ಯ. 1920ರಿಂದ ಸ್ವಂತ ತಂಡ. ಪೂರ್ತಿ ಸ್ಕ್ರಿಪ್ಟ್ ಬರೆಯುತ್ತಲೇ ಇರಲಿಲ್ಲ. ಕಥೆಯ ಶುರು, ಕೊನೆ ಗೊತ್ತಾದರೆ ಸಾಕು, ನಡುವಿನದು ಸೆಟ್‌ನಲ್ಲೇ ಹುಟ್ಟಬೇಕು. ಐಡಿಯಾ ಬರದಿದ್ದರೆ ಶೂಟಿಂಗ್ ನಿಲ್ಲಿಸಿ ಎಲ್ಲರೂ ಬೇಸ್‌ಬಾಲ್ ಆಡುತ್ತಿದ್ದರು. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನಲ್ಲಿ ಎರಡು ಟನ್ ತೂಕದ ಮನೆ ಗೋಡೆ ಅವರ ಮೇಲೆ ಬೀಳುತ್ತದೆ, ಕಿಟಕಿ ಇದ್ದ ಜಾಗದಲ್ಲಿ ನಿಂತಿದ್ದರಿಂದ ಉಳಿಯುತ್ತಾರೆ. ಅದರಲ್ಲಿ ಕ್ಯಾಮೆರಾ ಮೋಸ ಏನೂ ಇಲ್ಲ. ಕೆಲವೇ ಇಂಚು ಆಚೀಚೆ ಆಗಿದ್ದರೆ ಸತ್ತೇ ಹೋಗುತ್ತಿದ್ದರು. ಎಷ್ಟು ಸಲ ನೋಡಿದರೂ ನನಗೆ ಎದೆ ಧಸಕ್ ಅನ್ನುತ್ತದೆ.

ಆದರೆ ಅಷ್ಟರಲ್ಲಿ ಅವರದೇ 'ದಿ ಜನರಲ್' ಸೋತಿತ್ತು. ಸೇತುವೆ ಮೇಲಿಂದ ನಿಜವಾದ ರೈಲು ಎಂಜಿನ್ ಬೀಳಿಸಿ ತೆಗೆದ ದುಬಾರಿ ಚಿತ್ರ ಅದು. 1928ರಲ್ಲೇ ಎಂಜಿಎಂ ಜೊತೆ ಒಪ್ಪಂದ ಮಾಡಿಕೊಂಡರು. ಅಲ್ಲಿಗೆ ಹೋಗಬೇಡ ಅಂತ ಚಾಪ್ಲಿನ್ ಹೇಳಿದ್ದರು. ಅಲ್ಲಿ ಸ್ಕ್ರಿಪ್ಟ್ ಮೊದಲು, ಬಜೆಟ್ ಮೊದಲು, ಅಪಾಯದ ಸ್ಟಂಟ್ ಬೇಡ, ಬರೆದದ್ದನ್ನು ಮಾಡಿದರೆ ಸಾಕು. ಸೆಟ್‌ನಲ್ಲೇ ಹಾಸ್ಯ ಹುಟ್ಟಿಸುವವರಿಗೆ ಅದು ಕೈ ಕಟ್ಟಿದ ಹಾಗೆ, ಅಲ್ವಾ? ಕುಡಿತ ಜಾಸ್ತಿ ಆಯಿತು, ಮದುವೆ ಮುರಿಯಿತು, 1933ರಲ್ಲಿ ಕೆಲಸದಿಂದ ತೆಗೆದರು. ಆಮೇಲೆ ಅದೇ ಸ್ಟುಡಿಯೋದಲ್ಲಿ ಬೇರೆಯವರ ಚಿತ್ರಗಳಿಗೆ ತಮಾಷೆ ಹೊಸೆದು ಕೊಡುವ ಕೆಲಸ. ಇದು ನನಗೆ ತುಂಬಾ ನೋವು ಕೊಡುವ ಭಾಗ.

1940ರಲ್ಲಿ ಎಲೀನರ್ ಅವರನ್ನು ಮದುವೆಯಾದ ಮೇಲೆ ಬದುಕು ಹದಕ್ಕೆ ಬಂತು. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು.

ನೋಡೋಕೆ ಶುರು ಮಾಡುವುದಾದರೆ 1920ರ 'ಒನ್ ವೀಕ್' ನೋಡಿ. ಇಪ್ಪತ್ತು ನಿಮಿಷ ಚಿಲ್ಲರೆ ಅಷ್ಟೇ. ಹೊಸದಾಗಿ ಮದುವೆಯಾದ ಜೋಡಿ ಬಿಡಿ ಭಾಗಗಳ ಕಿಟ್ ತಂದು ಮನೆ ಕಟ್ಟುತ್ತದೆ, ಆ ಮನೆ ಗಾಳಿಗೆ ಬುಗುರಿ ಥರ ತಿರುಗುತ್ತದೆ. ಮಕ್ಕಳನ್ನೂ ಕೂರಿಸಿಕೊಳ್ಳಿ.