ಲಾಸಾ ತಲುಪಿದ ದಿನವೇ ಪೊಟಾಲಾ ಅರಮನೆ ಹತ್ತಬಹುದೇ?

ಹತ್ತದಿರುವುದೇ ಲೇಸು. ಟಿಬೆಟ್‌ನ ರಾಜಧಾನಿ ಲಾಸಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ನೇರವಾಗಿ ಬಂದಿಳಿದವರಿಗೆ ತಲೆನೋವು, ಏದುಸಿರು, ನಿದ್ದೆಗೇಡು ಸಾಮಾನ್ಯ. ಮೊದಲೆರಡು ದಿನ ಜೋಖಾಂಗ್ ದೇವಾಲಯದ ಸುತ್ತಲಿನ ಬಾರ್ಖೋರ್ ಬೀದಿಯಲ್ಲಿ ಯಾತ್ರಿಕರೊಡನೆ ನಿಧಾನವಾಗಿ ಪ್ರದಕ್ಷಿಣೆ ಹಾಕಿ, ದಾರಿ ಸಮತಟ್ಟು. ಆಮೇಲೆ ಒಂದು ಮಧ್ಯಾಹ್ನ ಸೆರಾ ಮಠಕ್ಕೆ ಹೋಗಿ. ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟುತ್ತಾ ವಾದಕ್ಕಿಳಿಯುವುದು ಪೊಟಾಲಾದ ಕೋಣೆಗಳಿಗಿಂತ ಹೆಚ್ಚು ಜೀವಂತ, ನನ್ನ ಮಟ್ಟಿಗಂತೂ. (ನಮ್ಮ ಬೈಲಕುಪ್ಪೆಯ ಸೆರಾ ಇದರದೇ ಮರುಸ್ಥಾಪನೆ.) ಪೊಟಾಲಾ ಮೂರನೆಯ ದಿನಕ್ಕಿರಲಿ. ಗ್ಯಾಂಟ್ಸೆ ಪಟ್ಟಣಕ್ಕೆ ಹೊರಡುವ ಆತುರವೂ ಬೇಡ. ಅಲ್ಲಿಗೆ ಹೋಗುವ ಯಾಮ್ದ್ರೋಕ್ ಸರೋವರದ ದಾರಿಯ ಕರೋ ಲಾ ಘಟ್ಟ ಸುಮಾರು 5,000 ಮೀಟರ್ ಎತ್ತರದ್ದು. ಸುಮ್ಮನೆ ಕುಳಿತಾಗಲೂ ಉಸಿರು ಕಟ್ಟಿದರೆ ತಡಮಾಡದೆ ಕೆಳಗಿಳಿಯಬೇಕು. ಚೀನಾ ವೀಸಾ ಸಾಲದು, ಟಿಬೆಟ್ ಪ್ರವೇಶಕ್ಕೆ ಪ್ರತ್ಯೇಕ ಅನುಮತಿಪತ್ರವನ್ನು ಪ್ರವಾಸ ಸಂಸ್ಥೆಯ ಮೂಲಕವೇ ಪಡೆಯಬೇಕು.