ವಿಮಾನದ ಟಿಕೆಟ್‌ಗಿಂತ ಮೊದಲು ಸೂಜಿ

(ಪುಣೆಯ ಔಂಧ್‌ನಿಂದ ಓದುಗರೊಬ್ಬರು ಬರೆದ ನಾಲ್ಕು ಪುಟಗಳ ಪತ್ರದ ಸಾರ: ಹಿಂಜವಡಿಯ ಸಾಫ್ಟ್‌ವೇರ್ ಸಂಸ್ಥೆಯೊಂದು ಅವರನ್ನು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕಳುಹಿಸುತ್ತಿದೆ. ಜನವರಿ ಮೊದಲ ವಾರ ಅಲ್ಲಿ ಹಾಜರಾಗಬೇಕು. ಮನೆಯಲ್ಲಿ ರಾಜಾ ಎಂಬ ಏಳು ವರ್ಷದ ನಾಯಿ ಇದೆ. ಬೀದಿಯಲ್ಲಿ ಹುಟ್ಟಿದ್ದು, 18 ಕಿಲೋ ತೂಕ. ಹದಿನೈದು ದಿನಗಳಲ್ಲಿ ಎಲ್ಲ ಕಾಗದಪತ್ರ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ ಒಬ್ಬ ಏಜೆಂಟರು. ಸೊಸೈಟಿಯ ವಾಚ್‌ಮನ್‌ಗೆ ಕೊಟ್ಟುಬಿಡಿ ಎನ್ನುತ್ತಾರೆ ಅತ್ತೆ. ಮುಳಶಿ ಕಡೆಯ ಯಾವುದಾದರೂ ತೋಟದಲ್ಲಿ ಬಿಟ್ಟು ಬರೋಣ ಎನ್ನುತ್ತಾರೆ ಮೈದುನ. ನಾಯಿಯನ್ನು ಕರೆದೊಯ್ಯಬೇಕೇ, ಬಿಟ್ಟು ಹೋಗಬೇಕೇ, ವಿಮಾನದ ಕೆಳಭಾಗದಲ್ಲಿ ಸಾಗಿಸುವುದು ಹಿಂಸೆಯಲ್ಲವೇ ಎಂಬುದು ಪ್ರಶ್ನೆ.)

ಮೊದಲು ಆ ಏಜೆಂಟರ ಮಾತನ್ನು ಮುಗಿಸೋಣ. ಹದಿನೈದು ದಿನಗಳಲ್ಲಿ ಇದು ಆಗುವ ಕೆಲಸವಲ್ಲ. ಮುಂಗಡ ಕೊಟ್ಟಿಲ್ಲ ಎಂದು ಬರೆದಿದ್ದೀರಿ, ಒಳ್ಳೆಯದು, ಕೊಡಬೇಡಿ.

ಐರೋಪ್ಯ ಒಕ್ಕೂಟದ ನಿಯಮ ಖಚಿತವಾಗಿದೆ. ಮೊದಲು ನಾಯಿಯ ಚರ್ಮದಡಿ ಗುರುತಿನ ಸಂಖ್ಯೆಯ ಮೈಕ್ರೋಚಿಪ್. ಅದಾದ ಮೇಲೆ ರೇಬೀಸ್ ಲಸಿಕೆ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ನಂತರ ರಕ್ತ ತೆಗೆದು, ಅದರಲ್ಲಿ ರೇಬೀಸ್ ತಡೆಯುವ ಪ್ರತಿಕಾಯದ (ಆಂಟಿಬಾಡಿ) ಪ್ರಮಾಣ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕವಾದರೂ ಇದೆಯೇ ಎಂದು ನೋಡಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ರೇಬೀಸ್ ಹತೋಟಿಯಲ್ಲಿದೆ ಎಂದು ಒಕ್ಕೂಟ ಒಪ್ಪಿರುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಆದ್ದರಿಂದ ನಮಗೆ ಇದರಿಂದ ವಿನಾಯಿತಿಯಿಲ್ಲ. ಈ ಮೂರು ತಿಂಗಳು ಅಧಿಕಾರಿಗಳ ಹಟವೂ ಅಲ್ಲ. ಸೋಂಕು ತಗಲಿದ ನಾಯಿಯಲ್ಲಿ ರೋಗ ಕಾಣಿಸಿಕೊಳ್ಳಲು ವಾರಗಳು, ತಿಂಗಳುಗಳೇ ಹಿಡಿಯಬಹುದು. ಲಸಿಕೆಗೆ ಮುಂಚೆಯೇ ಸೋಂಕು ಸೇರಿದ್ದರೆ ಅದು ಈ ಅವಧಿಯಲ್ಲಿ ಹೊರಬೀಳಲಿ ಎಂಬುದು ಲೆಕ್ಕಾಚಾರ.

ರಾಜಾನಿಗೆ ಪ್ರತಿವರ್ಷ ತಪ್ಪದೆ ಲಸಿಕೆ ಹಾಕಿಸಿದ್ದೀರಿ, ಪುಸ್ತಕವೂ ಇದೆ. ಆದರೆ ಚಿಪ್ ಹಾಕಿಸಿಲ್ಲ. ಚಿಪ್‌ಗಿಂತ ಹಿಂದಿನ ಲಸಿಕೆಗಳೆಲ್ಲ ಐರೋಪ್ಯ ಅಧಿಕಾರಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಆ ಸೂಜಿ ಇದೇ ನಾಯಿಗೆ ಬಿದ್ದಿತು ಎನ್ನಲು ಅವನ ಬಳಿ ಸಾಕ್ಷಿಯಿಲ್ಲ. ಹಾಗಾಗಿ ಮತ್ತೆ ಮೊದಲಿನಿಂದ ಶುರು. ಚಿಪ್, ಲಸಿಕೆ, ಒಂದು ತಿಂಗಳು, ರಕ್ತ, ಮೂರು ತಿಂಗಳು: ಕೂಡಿಸಿದರೆ ನಾಲ್ಕು ತಿಂಗಳು ದಾಟುತ್ತದೆ. ನಿಮ್ಮ ಕೈಯಲ್ಲಿರುವುದು ಎರಡು ತಿಂಗಳು.

ನೀವು ರಾಜಾನನ್ನು ಜನವರಿಯಲ್ಲಿ ನಿಮ್ಮ ಜೊತೆಗೇ ಕರೆದೊಯ್ಯಬೇಕು ಎಂದುಕೊಂಡೇ ಇಡೀ ಪತ್ರ ಬರೆದಿದ್ದೀರಿ. ಮೂರನೆಯ ಪುಟದಲ್ಲಿ ಬೇರೆ ಯಾವುದೋ ಮಾತಿನ ನಡುವೆ, ಮಗಳ ನಾಲ್ಕನೇ ತರಗತಿಯ ಪರೀಕ್ಷೆ ಮುಗಿಸಿಕೊಂಡು ಯಜಮಾನರು ಮತ್ತು ಮಗಳು ಏಪ್ರಿಲ್‌ನಲ್ಲಿ ಬರುತ್ತಾರೆ ಎಂದಿದ್ದೀರಿ. ದಾರಿ ಅಲ್ಲೇ ಇದೆ. ಈ ವಾರವೇ ಚಿಪ್ ಮತ್ತು ಲಸಿಕೆಯಾದರೆ ಡಿಸೆಂಬರ್ ಮಧ್ಯದಲ್ಲಿ ರಕ್ತ, ಮಾರ್ಚ್ ಮಧ್ಯಕ್ಕೆ ಕಾಯುವ ಅವಧಿ ಮುಗಿಯುತ್ತದೆ. ನಾಯಿ ಅವರಿಬ್ಬರ ಜೊತೆ ಹೋಗಲಿ.

ಇಲ್ಲೊಂದು ಎಚ್ಚರಿಕೆ. ಕಾಗದದಲ್ಲಿ ನಾಯಿಯ ಒಡೆಯರಾಗಿರುವವರು ಪ್ರಯಾಣ ಮಾಡಿದ ಐದು ದಿನಗಳ ಒಳಗೆ, ಹಿಂದೆ ಅಥವಾ ಮುಂದೆ, ನಾಯಿ ಪ್ರಯಾಣ ಮಾಡಬೇಕು. ಅದಕ್ಕಿಂತ ಅಂತರ ಹೆಚ್ಚಾದರೆ ಅದನ್ನು ವ್ಯಾಪಾರದ ಸಾಗಣೆಯೆಂದು ಪರಿಗಣಿಸುತ್ತಾರೆ, ನಿಯಮಗಳೇ ಬೇರೆಯಾಗುತ್ತವೆ. ಆದ್ದರಿಂದ ಚಿಪ್ ನೋಂದಣಿ, ಲಸಿಕೆ ಪುಸ್ತಕ, ಪ್ರಯೋಗಾಲಯದ ಅರ್ಜಿ ಎಲ್ಲವೂ ಇವತ್ತಿನಿಂದಲೇ ನಿಮ್ಮ ಯಜಮಾನರ ಹೆಸರಿನಲ್ಲಿರಲಿ. ರಾಜಾನನ್ನು ಬೀದಿಯಿಂದ ಎತ್ತಿ ತಂದವರು ನೀವೇ ಇರಬಹುದು. ಕಾಗದದ ಮಟ್ಟಿಗೆ ಒಡೆತನ ಬಿಟ್ಟುಕೊಡಿ.

ಚಿಪ್ ಸುಮಾರು 12 ಮಿಲಿಮೀಟರ್ ಉದ್ದದ ಗಾಜಿನ ಕೊಳವೆ. ದಪ್ಪ ಸೂಜಿಯಿಂದ ಕತ್ತಿನ ಹಿಂಭಾಗಕ್ಕೆ ಹಾಕುತ್ತಾರೆ, ನಾಯಿ ಒಮ್ಮೆ ಕುಂಯ್ ಎನ್ನುತ್ತದೆ, ಅಷ್ಟೇ. ಅದರಲ್ಲಿ 15 ಅಂಕಿಗಳ ಸಂಖ್ಯೆಯಿರುತ್ತದೆ. ಲಸಿಕೆ ಪುಸ್ತಕ, ರಕ್ತದ ವರದಿ, ಆರೋಗ್ಯ ಪ್ರಮಾಣಪತ್ರ ಮೂರರಲ್ಲೂ ಆ ಹದಿನೈದು ಅಂಕಿಗಳು ಒಂದೇ ಆಗಿರಬೇಕು. ಅವಸರದ ಕೈಬರಹದಲ್ಲಿ 3 ಎಂಬುದು 8 ಆದರೆ, ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಸ್ಕ್ಯಾನರ್ ಹಿಡಿದು ನಿಂತವರಿಗೆ ಅದು ಬೇರೆ ನಾಯಿ. ವೈದ್ಯರು ಬರೆಯುವ ಮೊದಲು ಸ್ಕ್ಯಾನರ್‌ನಲ್ಲಿ ಓದಿಸಿ, ಬರೆದ ಮೇಲೆ ಮಗಳಿಂದ ಗಟ್ಟಿಯಾಗಿ ಓದಿಸಿ. ಮಕ್ಕಳು ಇಂಥ ತಪ್ಪು ಹಿಡಿಯುವುದರಲ್ಲಿ ನಮಗಿಂತ ಚುರುಕು. ರಕ್ತದ ಪರೀಕ್ಷೆಯೂ ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯದಲ್ಲೇ ಆಗಬೇಕು, ಓಣಿಯ ಪ್ಯಾಥಾಲಜಿಯ ವರದಿಯನ್ನು ಯಾರೂ ನೋಡುವುದಿಲ್ಲ. ಇನ್ನು ಮುಂದೆ ಲಸಿಕೆಯ ಗಡುವು ಒಂದು ದಿನವೂ ತಪ್ಪದಿದ್ದರೆ ಈ ರಕ್ತದ ವರದಿ ನಾಯಿಯ ಜೀವಮಾನವಿಡೀ ನಡೆಯುತ್ತದೆ. ತಪ್ಪಿದರೆ ಮತ್ತೆ ಅದೇ ನಾಲ್ಕು ತಿಂಗಳು.

ಕೊನೆಯ ಕಾಗದ ಆರೋಗ್ಯ ಪ್ರಮಾಣಪತ್ರ. ಜರ್ಮನಿ ತಲುಪುವುದಕ್ಕೆ ಮುಂಚಿನ ಹತ್ತು ದಿನಗಳ ಒಳಗೆ ಅದಕ್ಕೆ ಸರಕಾರಿ ಮುದ್ರೆ ಬಿದ್ದಿರಬೇಕು. ಈ ಕೆಲಸ ಕೇಂದ್ರ ಸರಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯದು. ಅದರ ಕೇಂದ್ರ ಮುಂಬೈಯಲ್ಲಿದೆ, ಪುಣೆಯಲ್ಲಿಲ್ಲ. ಖಂಡಾಲಾ ಘಾಟಿನ ತಿರುವುಗಳಲ್ಲಿ ರಾಜಾ ವಾಂತಿ ಮಾಡುತ್ತಾನೆ ಎಂದಿದ್ದೀರಿ. ಹೊರಡುವ ಮುಂಚೆ ಹೊಟ್ಟೆ ತುಂಬ ಉಣಿಸಬೇಡಿ, ನೀರು ಸಾಕು.

ಇನ್ನು ವಿಮಾನದ ಮಾತು. ಹಲವು ವಿಮಾನ ಸಂಸ್ಥೆಗಳಲ್ಲಿ ಪ್ರಯಾಣಿಕರ ಜೊತೆ ಒಳಗೆ ಕೂರಲು ಬುಟ್ಟಿಯೂ ಸೇರಿ ಸುಮಾರು 8 ಕಿಲೋ ಮಿತಿ, ಹಾಗಾಗಿ ರಾಜಾ ಕೆಳಗೇ ಹೋಗಬೇಕು. ಪ್ರಾಣಿಗಳನ್ನು ಇಡುವ ಆ ಭಾಗದಲ್ಲಿ ಗಾಳಿಯ ಒತ್ತಡ ನೀವು ಕುಳಿತಲ್ಲಿ ಇರುವಷ್ಟೇ ಇರುತ್ತದೆ, ಉಷ್ಣತೆಯನ್ನೂ ಹತೋಟಿಯಲ್ಲಿ ಇಡುತ್ತಾರೆ. ಅಪಾಯ ಆಕಾಶದಲ್ಲಿರುವುದಕ್ಕಿಂತ ಹೆಚ್ಚಾಗಿ ನೆಲದ ಮೇಲೆ, ಬಿಸಿಲಿನಲ್ಲಿ ಕಾಯುವಾಗ ಇದೆ. ಮುಂಬೈಯಿಂದ ಯುರೋಪಿಗೆ ಮಧ್ಯರಾತ್ರಿ ಕಳೆದ ಮೇಲೆ ಹೊರಡುವ ವಿಮಾನಗಳಿವೆ. ಏಪ್ರಿಲ್‌ನಲ್ಲಿ ಅವನ್ನೇ ಹಿಡಿಯಿರಿ. ನಿದ್ದೆಯ ಔಷಧ ಕೊಡಿಸುವ ಯೋಚನೆ ಬಿಡಿ. ಅದು ರಕ್ತದೊತ್ತಡ ಇಳಿಸುತ್ತದೆ, ಮೈಯ ಸಮತೋಲ ಕೆಡಿಸುತ್ತದೆ. ಮದ್ದು ತಿಂದ ನಾಯಿಯನ್ನು ಅನೇಕ ಸಂಸ್ಥೆಗಳು ಹತ್ತಿಸಿಕೊಳ್ಳುವುದೇ ಇಲ್ಲ. ಪಗ್, ಬುಲ್‌ಡಾಗ್, ಪರ್ಷಿಯನ್ ಬೆಕ್ಕು ಸಾಕಿದ ಓದುಗರು ಇಲ್ಲಿ ಎರಡು ಬಾರಿ ಯೋಚಿಸಬೇಕು. ಮೊಂಡು ಮೂಗಿನ ಪ್ರಾಣಿಗಳಿಗೆ ಸೆಕೆಯಲ್ಲಿ ಉಸಿರಾಟವೇ ಕಷ್ಟ. ರಾಜಾನ ಉದ್ದ ಮೂತಿ ಅವನ ಪುಣ್ಯ.

ಔಷಧಕ್ಕಿಂತ ಪಂಜರದ ಅಭ್ಯಾಸ ಮುಖ್ಯ. ನಾಯಿ ಒಳಗೆ ಪೂರ್ತಿ ನಿಲ್ಲುವಂತೆ, ಸುತ್ತು ತಿರುಗುವಂತೆ, ಕಾಲು ಚಾಚಿ ಮಲಗುವಂತೆ ಇರಬೇಕು. ಈಗಲೇ ತಂದು ಬಾಗಿಲು ಕಳಚಿ ಹಾಲ್‌ನ ಮೂಲೆಯಲ್ಲಿಡಿ. ನಿಮ್ಮ ಹಳೆಯ ಹತ್ತಿ ಸೀರೆಯೊಂದನ್ನು ಒಗೆಯದೆ ಒಳಗೆ ಹಾಸಿ. ಮೊದಲು ಹೊಸ್ತಿಲಲ್ಲಿ ರೊಟ್ಟಿಯ ತುಂಡು, ಆಮೇಲೆ ಇನ್ನಷ್ಟು ಒಳಗೆ, ಕೊನೆಗೆ ಊಟವೇ ಅಲ್ಲಿ. ತಾನಾಗಿ ಹೋಗಿ ಮಧ್ಯಾಹ್ನದ ನಿದ್ದೆ ಮಾಡಲು ಶುರುಮಾಡಿದ ಮೇಲೆ ಬಾಗಿಲು ಜೋಡಿಸಿ. ವಿಮಾನ ನಿಲ್ದಾಣದಲ್ಲಿ ಮೊದಲ ಬಾರಿಗೆ ನಾಯಿಯನ್ನು ಪಂಜರಕ್ಕೆ ತುರುಕುವುದಿದೆಯಲ್ಲ, ಹಿಂಸೆ ಎಂದರೆ ಅದು.

ಬೇರೆ ದೇಶಗಳಿಗೆ ಹೊರಟವರಿಗೆ ಒಂದೆರಡು ಮಾತು. ಬ್ರಿಟನ್ನಿಗೆ ವಿಮಾನದಲ್ಲಿ ಹೋಗುವ ನಾಯಿ, ಬೆಕ್ಕು ಸರಕಾಗಿಯೇ ಹೋಗಬೇಕು. ಅಮೆರಿಕ 2024ರ ಆಗಸ್ಟ್‌ನಿಂದ ನಾಯಿಗಳ ನಿಯಮ ಬಿಗಿಗೊಳಿಸಿದೆ. ಆರು ತಿಂಗಳು ತುಂಬದ ಮರಿಗೆ ಪ್ರವೇಶವೇ ಇಲ್ಲ. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ಸೇರಿಸಿಕೊಳ್ಳುವುದಿಲ್ಲ.

ವಾಚ್‌ಮನ್ ಮತ್ತು ಮುಳಶಿಯ ತೋಟದ ಬಗ್ಗೆ: ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಪುಣೆಯಲ್ಲಿ ಎರಡು ವಡಾಪಾವ್ ತಿನ್ನುವ ಹಣಕ್ಕೆ ಕಾನೂನು ನಿಮ್ಮನ್ನು ಬಿಟ್ಟುಬಿಡುತ್ತದೆ. ಮೈದುನರಿಗೆ ಇದನ್ನು ತಿಳಿಸುವುದು ಬೇಡ.

ಆದರೆ ಅತ್ತೆಯವರ ಮಾತನ್ನು ನಾನು ನಿಮ್ಮಷ್ಟು ಕಠಿಣವಾಗಿ ಓದಲಿಲ್ಲ. ಮೊದಲ ಭಾಕರಿ ನಾಯಿಗೆ ಹಾಕುವವರು ಅವರೇ, ಮಧ್ಯಾಹ್ನವಿಡೀ ಅದು ಮಲಗುವುದು ಅವರ ಕಾಲ ಬಳಿ ಎಂದು ನೀವೇ ಬರೆದಿದ್ದೀರಿ. ನಿಮ್ಮ ಮನೆದೇವರು ಜೇಜುರಿಯ ಖಂಡೋಬ, ನಮ್ಮ ಮೈಲಾರಲಿಂಗ. ನಾಯಿಯನ್ನು ಬಿಟ್ಟು ಆ ದೇವರೇ ಇಲ್ಲ. ಅತ್ತೆಯವರು ಏಪ್ರಿಲ್ ನಂತರ ಬೆಳಗಾವಿಗೆ, ಮೈದುನರ ಮನೆಗೆ ಹೋಗುವವರು. ಮಗ, ಸೊಸೆ, ಮೊಮ್ಮಗಳು ಮೂವರೂ ಹೊರಟಿರುವಾಗ ನಾಯಿಯ ಬಗ್ಗೆ ಸಿಡಿಮಿಡಿಗೊಳ್ಳುವುದು ಅವರಿಗೆ ಸುಲಭ.

ಸ್ಟುಟ್‌ಗಾರ್ಟ್‌ನಲ್ಲಿ ನೀವಿಬ್ಬರೂ ಕಚೇರಿಗೆ ಹೋದರೆ ರಾಜಾ ದಿನವಿಡೀ ಬೀಗ ಹಾಕಿದ ಫ್ಲ್ಯಾಟ್‌ನಲ್ಲಿ ಒಂಟಿ. ಹುಟ್ಟಿದಂದಿನಿಂದ ಜನರ ನಡುವೆ ಇದ್ದ ನಾಯಿಗೆ ವಿಮಾನದ ರಾತ್ರಿಗಿಂತ ಇದು ದೊಡ್ಡ ಕಷ್ಟ. ಅಲ್ಲಿ ಬಾಡಿಗೆ ಮನೆಯಲ್ಲಿ ನಾಯಿ ಸಾಕಲು ಮಾಲೀಕರ ಒಪ್ಪಿಗೆ ಬೇಕು, ನಗರಸಭೆಗೆ ನಾಯಿ ತೆರಿಗೆ ಕಟ್ಟಬೇಕು. ಜನವರಿಯಲ್ಲಿ ನೀವು ಮೊದಲು ಹೋಗುತ್ತೀರಲ್ಲ, ಈ ಎರಡನ್ನೂ ವಿಚಾರಿಸಿ, ಹಗಲು ನೋಡಿಕೊಳ್ಳುವವರು ಸಿಗುತ್ತಾರೆಯೇ ಎಂದೂ ಕೇಳಿ. ಮಾರ್ಚ್ ಮುಗಿಯುವುದರೊಳಗೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಸಿಕ್ಕರೆ ರಾಜಾ ಹೋಗಲಿ. ಸಿಗದಿದ್ದರೆ ಅತ್ತೆಯವರ ಜೊತೆ ಬೆಳಗಾವಿಗೆ ಹೋಗಲಿ. ಅದು ಕೈಬಿಡುವುದಲ್ಲ, ನಿಮಗೆ ಬೇಸರವಾದರೂ ನಾಯಿಗೆ ಆಗಲಾರದು. ಆದರೆ ಅದಕ್ಕೆ ಮುಂಚೆ ಅತ್ತೆಯವರನ್ನು ಕೂರಿಸಿಕೊಂಡು, ನೀವು ಇಟ್ಟುಕೊಳ್ಳುತ್ತೀರಾ ಎಂದು ಕೇಳಬೇಕು. ಈವರೆಗೆ ಯಾರೂ ಕೇಳಿದಂತಿಲ್ಲ.

ರಾಜಾ ಜರ್ಮನಿಗೆ ಹೋಗುವ ದಾರಿ ತೆರೆದಿರಬೇಕಾದರೆ ಚಿಪ್, ಲಸಿಕೆ, ರಕ್ತ ಮೂರೂ ಬೇಕೇ ಬೇಕು. ನಿರ್ಧಾರ ಮಾರ್ಚ್‌ಗೆ ಇರಲಿ, ವೈದ್ಯರ ಸಮಯ ಈ ವಾರಕ್ಕೇ ಗೊತ್ತುಮಾಡಿಕೊಳ್ಳಿ.

— ಸಂಪಾದಕ