ಕೊಟ್ಟಿಗೆ ಗೋಡೆಯ ಆನೆಗಳು

ಪ್ರಶ್ನೆ: ನಮ್ಮ ಹೊಲ ಹಳೇಬೀಡಿನ ಹತ್ತಿರ. ಅಜ್ಜನಿಗೆ ಉಳುವಾಗ ಸಿಕ್ಕ ಕಲ್ಲೊಂದು ಕೊಟ್ಟಿಗೆ ಗೋಡೆಯಲ್ಲಿದೆ. ಅದರಲ್ಲಿ ಆನೆಗಳ ಸಾಲು ಕೆತ್ತಿದೆ. ಅಷ್ಟು ದೊಡ್ಡ ರಾಜಧಾನಿಯ ಅರಮನೆ, ಮನೆಗಳೆಲ್ಲ ಎಲ್ಲಿ ಹೋದವು? ನಮ್ಮ ಹೊಲದಡಿ ಏನಾದರೂ ಇರಬಹುದಾ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮೊದಲು ಆನೆ ವಿಷಯ. ಹೊಯ್ಸಳೇಶ್ವರ ಗುಡಿಗೆ ಇನ್ನೊಮ್ಮೆ ಹೋಗಿ, ಗೋಡೆಯ ಬುಡ ನೋಡಿ. ತೀರಾ ಕೆಳಗಿನ ಪಟ್ಟಿಯೇ ಆನೆಗಳದ್ದು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ನಿಮ್ಮ ಕಲ್ಲೂ ಯಾವುದೋ ಗುಡಿಯ ಬುಡದ್ದಿರಬಹುದು. ಆದರೆ ಒಂಟಿ ಕಲ್ಲು ಎಲ್ಲಿಂದ ಬೇಕಾದರೂ ಬಂದಿರುತ್ತೆ. ಹೊಲದ ಒಂದೇ ಕಡೆ ಕಲ್ಲಿನ ಸಾಲು, ಇಟ್ಟಿಗೆ, ಮಡಕೆ ಚೂರು ಪದೇ ಪದೇ ನೇಗಿಲಿಗೆ ತಗಲಿದರೆ ಆಗ ಬೇರೆ ಮಾತು.

ಅರಮನೆ ಕೇಳಿದಿರಿ. ದೇವರಿಗೆ ಬಳಪದ ಕಲ್ಲು, ಮನುಷ್ಯರಿಗೆ ಮರ, ಮಣ್ಣು, ಇಟ್ಟಿಗೆ. ಅರಸನೂ ಮನುಷ್ಯನೇ ಅಲ್ವಾ! 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ, ಅಂದರೆ ಇವತ್ತಿನ ಹಳೇಬೀಡಿಗೆ ಬಂತು. ಆ ಶತಮಾನದಲ್ಲೇ ಹೊಯ್ಸಳರ ಆಳ್ವಿಕೆಯೂ ಮುಗಿಯಿತು. ಮರ ಗೆದ್ದಲಿಗೆ, ಮಣ್ಣು ಮಳೆಗೆ. ಉಳಿದ ಕಲ್ಲು ಕಟ್ಟೆಗೆ, ಕೊಟ್ಟಿಗೆಗೆ. ಬೆಣ್ಣೆಗುಡ್ಡದ ಕಡೆ ಅರಮನೆ ಇತ್ತು ಅಂತ ಊರವರು ಈಗಲೂ ಹೇಳುತ್ತಾರೆ. ಗುಡಿಗಳ ಕತೆಯೂ ಇದೇ. ಹಳೇಬೀಡಿನಲ್ಲೇ ಇರುವ ನಗರೇಶ್ವರದಲ್ಲಿ ಹೊರಗೆ ಕಾಣುತ್ತಿದ್ದದ್ದು ಬರೀ ಮಣ್ಣಿನ ದಿಬ್ಬ. ಅಗೆದಾಗ ಗುಡಿಗಳ ತಳಪಾಯ ಸಿಕ್ಕಿತು.

ಹಾಗಂತ ನೀವು ಹಾರೆ ಹಿಡಿಯಬೇಡಿ. ಜೆಸಿಬಿಯಂತೂ ಬೇಡವೇ ಬೇಡ. ಮಣ್ಣಿನ ಪದರ ಒಮ್ಮೆ ಕಲೆಸಿದರೆ ಯಾವ ಗೋಡೆ ಮೊದಲು, ಯಾವುದು ಆಮೇಲೆ ಅಂತ ಯಾರಿಗೂ ಹೇಳಲಾಗದು. ನಿಧಿ ಆಸೆಯವರಿಂದ ಆಗುವ ದೊಡ್ಡ ನಷ್ಟ ಇದೇ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ, ನೆಲದಲ್ಲಿ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ನನ್ನದೊಂದು ತಪ್ಪು ಹೇಳುತ್ತೇನೆ. ನಮ್ಮ ಬಚ್ಚಲಿನ ಹಾಸುಗಲ್ಲು ತಿರುಗಿಸಿದಾಗ ಅಡಿಯಲ್ಲಿ ಅಕ್ಷರ ಕಂಡಿತ್ತು. ಖುಷಿಯಲ್ಲಿ ತಂತಿ ಬ್ರಷ್ ಹಾಕಿ ಉಜ್ಜಿದೆ. ಎರಡು ಸಾಲು ಅಳಿಸಿಯೇ ಹೋಯಿತು. ಕಲ್ಲು ಎಲ್ಲಿಂದ ತಂದದ್ದು ಅಂತ ಅಪ್ಪನನ್ನು ಕೇಳಬೇಕು ಅನ್ನಿಸುವ ಹೊತ್ತಿಗೆ ಅಪ್ಪ ಇರಲಿಲ್ಲ.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದಾರಾ? ಇದ್ದರೆ ಇವತ್ತೇ ಕೇಳಿ: ಅಜ್ಜ ಆ ಕಲ್ಲು ತಂದದ್ದು ಯಾವ ಬದುವಿನ ಹತ್ತಿರದಿಂದ? ಬರೆದಿಟ್ಟುಕೊಳ್ಳಿ. ಕಲ್ಲು ಗೋಡೆಯಲ್ಲೇ ಇರಲಿ.